ಎರಡನೇ ಚರಣ

ಮುಳಬಾಗಿಲಿನಲ್ಲಿ ನಾವಿದ್ದ ಓಣಿ ಎಷ್ಟು ಕಿರಿದಾಗಿತ್ತೆಂದರೆ, ನಮ್ಮ ಮನೆಯಲ್ಲಿ ಒಗ್ಗರಣೆ ಹಾಕಿದರೆ ಎದುರು ಮನೆಯಲ್ಲಿ ಸೀನು ಬರುತ್ತಿತ್ತು. ಎದುರು ಮನೆ ನಮ್ಮ ಭಾವನವರದು, ಅಂದರೆ ನನ್ನ ಗಂಡನ ಒಡಹುಟ್ಟಿದ ಅಣ್ಣನದು. ಎರಡು ಬಾಗಿಲುಗಳೂ ಎದುರುಬದುರು. ಈ ಜಗಲಿಯಿಂದ ಆ ಜಗಲಿಗೆ ಉಪ್ಪಿನ ಬಟ್ಟಲನ್ನು ಕೈ ಚಾಚಿ ಕೊಡಬಹುದಾಗಿತ್ತು. ಅಂಥ ಓಣಿಯನ್ನು ದಾಟಿ ಬರಲು ನನ್ನ ಓರಗಿತ್ತಿಗೆ ಎರಡನೇ ಮಹಾಯುದ್ಧದ ಅರ್ಧ ಕಾಲವೇ ಬೇಕಾಯಿತು. ಆ ಕಾಲವೆಲ್ಲ ನಾನು ಒಬ್ಬಳೇ ಇದ್ದೆ. ಗಂಡ ಇದ್ದರು, ದೇವರೂ ಇದ್ದ, ಇಲ್ಲವೆನ್ನುವುದಿಲ್ಲ. ಆದರೂ ಒಬ್ಬಳೇ ಇದ್ದೆ.

ನಾನು ಮಾಲೂರಿನವಳು. ತಾಯಿಯ ಮುಖ ನನಗೆ ನೆನಪಿಲ್ಲ. ತಂದೆ ಇಟ್ಟಿಗೆ ಗೂಡಿನಲ್ಲಿ ದುಡಿಯುತ್ತಿದ್ದರು. ಹೆಣ್ಣುಮಗುವನ್ನು ಗೂಡಿನ ಹೊಗೆಯಲ್ಲಿ ಬೆಳೆಸುವುದು ಹೇಗೆಂದು ತಿಳಿಯದೆ ನನ್ನನ್ನು ಕೋಲಾರದ ಮಿಷನ್ ಹಾಸ್ಟೆಲಿಗೆ ಸೇರಿಸಿದರು. ಅಲ್ಲಿ ಗಂಟೆ ಹೊಡೆದಾಗ ಏಳುವುದು, ಗಂಟೆ ಹೊಡೆದಾಗ ಉಣ್ಣುವುದು, ಗಂಟೆ ಹೊಡೆದಾಗ ಪ್ರಾರ್ಥಿಸುವುದು. ಹೀಗಾಗಿ ಎಲ್ಲಕ್ಕೂ ಒಂದು ಗಂಟೆ ಇರುತ್ತದೆ, ಅದು ಸರಿಯಾದ ಹೊತ್ತಿಗೆ ಹೊಡೆಯುತ್ತದೆ ಎಂಬುದೇ ನನ್ನ ತಲೆಯಲ್ಲಿ ಕೂತುಬಿಟ್ಟಿತ್ತು. ಮದುವೆಯಾಗಿ ಮುಳಬಾಗಿಲಿಗೆ ಬಂದ ಮೇಲೆ ಆ ಭ್ರಮೆ ಹೋಯಿತು.

ನಮ್ಮ ಮನೆಯವರು ಅಲ್ಲಿನ ಮಿಷನ್ ಶಾಲೆಯ ಮೇಷ್ಟ್ರು. ಒಳ್ಳೆಯ ಮನುಷ್ಯ, ಆದರೆ ಪುಸ್ತಕದ ಮನುಷ್ಯ. ಅಚ್ಚಾದದ್ದೆಲ್ಲ ನಿಜ, ಅಚ್ಚಾಗದ್ದೆಲ್ಲ ಅನುಮಾನ. ಭಾವನವರು ಅದಕ್ಕೆ ಪೂರಾ ತದ್ವಿರುದ್ಧ. ಅವರು ತಾಯಲೂರಿನಾಚೆ ಗಡಿ ದಾಟಿ, ತಾಯಿಯ ತಂದೆಯ ಮನೆಯಲ್ಲಿ ಬೆಳೆದವರು. ತೆಲುಗು ಬಿಟ್ಟರೆ ಬೇರೆ ಮಾತು ಕಿವಿಗೆ ಬೀಳದ ಊರು. ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಹೊಲಿಗೆ ಕಲಿತು ಮುಳಬಾಗಿಲಿಗೆ ಬಂದು ಮಿಷಿನ್ ಇಟ್ಟುಕೊಂಡಿದ್ದರು. ತಮ್ಮ ಮಾತ್ರ ಕೋಲಾರದಲ್ಲಿ ಕನ್ನಡ ಓದಿ ಬಂದರು. ಹೀಗೆ ಒಂದೇ ಹೊಟ್ಟೆಯಲ್ಲಿ ಹುಟ್ಟಿದ ಇಬ್ಬರು ಎರಡು ಭಾಷೆಯಲ್ಲಿ ಪ್ರಾರ್ಥನೆ ಮಾಡುತ್ತಿದ್ದರು. ಮೊದಮೊದಲು ಅದು ನನಗೆ ಚೆಂದವಾಗಿಯೇ ಕಾಣುತ್ತಿತ್ತು.

ಭಾವನವರ ಹೆಂಡತಿಯನ್ನು ನಾನು ಅಕ್ಕ ಎನ್ನುತ್ತಿದ್ದೆ. ಬರಿಯ ವಾಡಿಕೆಗಲ್ಲ. ನಾನು ಬಂದ ದಿನವೇ ಅವಳು ನನ್ನ ಅಂಗೈಯನ್ನು ಬಿಚ್ಚಿ ನೋಡಿ, "ಏಮಮ್ಮಾ, ಹಾಸ್ಟೆಲ್ಲಲ್ಲಿ ಬರೀ ಪೆನ್ಸಿಲ್ ಹಿಡಿಸಿದಾರೆ ನಿನ್ ಕೈಗೆ" ಎಂದು ನಕ್ಕಳು. ಆಮೇಲೆ ಸಂಸಾರವನ್ನೆಲ್ಲ ಅವಳೇ ಕಲಿಸಿದಳು. ಮುದ್ದೆ ತೊಳಸುವುದು, ರಾತ್ರಿ ಬೆರಣಿಯನ್ನು ಬೂದಿಯಲ್ಲಿ ಹೂತು ಬೆಳಗಿನ ತನಕ ಕೆಂಡ ಉಳಿಸುವುದು, ಹುರುಳಿ ಬೇಯುವ ವಾಸನೆ ತಿಳಿಯುವುದು. ಯುದ್ಧದ ದಿನಗಳು, ಬೆಂಕಿಪೊಟ್ಟಣ ಸಿಗುವುದೇ ಕಷ್ಟವಾಗಿತ್ತು. ಇಬ್ಬರಲ್ಲಿ ಯಾರ ಒಲೆಯ ಕೆಂಡ ಉಳಿದಿದೆಯೋ ಅವರ ಮನೆಗೆ ಇನ್ನೊಬ್ಬಳು ಓಡಿನ ಚೂರು ಹಿಡಿದು ಹೋಗುತ್ತಿದ್ದಳು. ಬಹುಪಾಲು ನಾನೇ ಹೋಗುತ್ತಿದ್ದೆ.

ರಾಗಿ ಬೀಸುವ ಕಲ್ಲು ಎರಡು ಮನೆಗೂ ಸೇರಿ ಒಂದೇ. ಅದು ನಮ್ಮ ಮನೆಯ ಬಾಗಿಲ ಪಕ್ಕದಲ್ಲಿತ್ತು. ಗಂಡಸರು ಕೆಲಸಕ್ಕೆ ಕೂತ ಮೇಲೆ ಅಕ್ಕ ಮೊರದಲ್ಲಿ ರಾಗಿ ತರುತ್ತಿದ್ದಳು. ಇಬ್ಬರೂ ಎದುರುಬದುರು ಕಾಲು ಚಾಚಿ ಕೂತು, ಒಂದೇ ಗೂಟವನ್ನು ಇಬ್ಬರೂ ಹಿಡಿದು ತಿರುಗಿಸುತ್ತಿದ್ದೆವು. ಒಬ್ಬಳೇ ಬೀಸಿದರೆ ಅದು ಕೆಲಸ. ಇಬ್ಬರು ಬೀಸಿದರೆ ಅರ್ಧ ಆಟ. ಬೀಸುತ್ತ ಅಕ್ಕ ಭಾವನವರ ಹಾಡುಗಳನ್ನು ಹೇಳಿಕೊಡುತ್ತಿದ್ದಳು. ಅವರು ಮಿಷಿನ್ ತುಳಿಯುತ್ತ ತೆಲುಗಿನಲ್ಲಿ ತಾವೇ ಹಾಡು ಕಟ್ಟುತ್ತಿದ್ದರು. ಯೇಸುಸ್ವಾಮಿಯನ್ನು ಹಾಡುವ ಹಾಡುಗಳೇ, ಆದರೆ ಅವುಗಳಲ್ಲಿ ಮುದ್ದೆ, ಮೊರ, ಕೊಟ್ಟಿಗೆ ಎಲ್ಲ ಬರುತ್ತಿದ್ದವು. ನನಗೆ ತೆಲುಗು ಅರೆಬರೆ. ಅರ್ಥ ಅವಳು ಹೇಳಿದ್ದು, ರಾಗ ನಾನು ಹಿಡಿದದ್ದು.

ಒಂದು ಕ್ರಿಸ್ಮಸ್ಸಿನ ಮುಂಚೆ ಅವರು ಹೊಸದೊಂದು ಹಾಡು ಕಟ್ಟಿದರು. ಒಬ್ಬ ಹೆಂಗಸು ಪ್ರಭುವನ್ನು ತನ್ನ ಮನೆಗೆ ಊಟಕ್ಕೆ ಕರೆದಿದ್ದಾಳೆ. ಮೊದಲನೇ ಚರಣದಲ್ಲಿ ಅವಳು ಕೇಳುತ್ತಾಳೆ: ಮುದ್ದೆ ಆರುತ್ತಿದೆ, ದೀಪದ ಎಣ್ಣೆ ಇಳಿಯುತ್ತಿದೆ, ಸ್ವಾಮಿ, ಯಾವ ಹೊತ್ತಿಗೆ ಬರುತ್ತೀ? ಎರಡನೇ ಚರಣದಲ್ಲಿ ಸ್ವಾಮಿಯ ಉತ್ತರ. ಆ ಉತ್ತರ ಏನೆಂದು ಭಾವನವರು ಹೆಂಡತಿಗೂ ಹೇಳಿರಲಿಲ್ಲ. ಹಬ್ಬದ ದಿನ ಎಲ್ಲರ ಜೊತೆ ಕೇಳು ಎಂದಿದ್ದರಂತೆ. ನಾವಿಬ್ಬರೂ ಮೊದಲನೇ ಚರಣವನ್ನೇ ಬೀಸಿದ್ದೂ ಬೀಸಿದ್ದೇ.

ನಮಗೆ ಬೇರೆ ದೇವಾಲಯವಿರಲಿಲ್ಲ. ಶಾಲೆಯ ಕೋಣೆಯಲ್ಲೇ ಹಲಗೆಗಳನ್ನು ಗೋಡೆಗೆ ಒರಗಿಸಿ ಭಾನುವಾರದ ಆರಾಧನೆ. ಆ ಕ್ರಿಸ್ಮಸ್ಸಿಗೆ ಕೋಲಾರದಿಂದ ಅಯ್ಯನವರು, ನಮ್ಮ ಪಾದ್ರಿಗಳು, ಪೆಟ್ರೋಲು ಸಿಗದೆ ಇದ್ದಿಲು ಉರಿಸಿ ಓಡಿಸುತ್ತಿದ್ದ ಬಸ್ಸಿನಲ್ಲಿ ಮಸಿ ಮುಖದೊಂದಿಗೆ ಬಂದಿಳಿದಿದ್ದರು. ಶಾಲೆಗೆ ಹೊಸದಾಗಿ ಒಂದು ಹಾರ್ಮೋನಿಯಂ ಬಂದಿತ್ತು. ನಮ್ಮ ಮನೆಯವರು ಅದನ್ನು ಪುಸ್ತಕ ನೋಡಿಕೊಂಡು ಬೆರಳೊಂದೊಂದೇ ಇಟ್ಟು ಬಾರಿಸುತ್ತಿದ್ದರು. ಭಾವನವರು ಎದ್ದು ನಿಂತು ಹಾಡಲು ಶುರು ಮಾಡಿದರು. ಅವರ ಹಾಡು ಕುದುರೆ, ಇವರ ಹಾರ್ಮೋನಿಯಂ ಎತ್ತಿನ ಗಾಡಿ. ಮೊದಲನೇ ಚರಣ ಮುಗಿಯುವ ಹೊತ್ತಿಗೆ ಜನ ಬಾಯಿ ಮುಚ್ಚಿಕೊಂಡು ನಗುತ್ತಿದ್ದರು. ನಮ್ಮ ಮನೆಯವರಿಗೆ ಮುಖ ಕೆಂಪಾಯಿತು. ಹಾರ್ಮೋನಿಯಮ್ಮಿನ ತಿದಿಯನ್ನು ಪಟ್ಟೆಂದು ಮುಚ್ಚಿದರು.

"ಅಣ್ಣ, ಪುಸ್ತಕದಲ್ಲಿ ಇರೋದನ್ನ ಹಾಡೋಣ. ಓದಕ್ಕೆ ಬರ್ದೇ ಇರೋರು ಹಿಂದೆ ಕೂತ್ಕೊಂಡು ಕೇಳಿಸ್ಕೊಳ್ಲಿ" ಎಂದುಬಿಟ್ಟರು.

ಭಾವನವರು ಹೆಗಲ ಮೇಲಿನ ವಲ್ಲಿಯನ್ನು ಕೊಡವಿ ಮತ್ತೆ ಹೆಗಲಿಗೆ ಹಾಕಿಕೊಂಡರು. ಅಕ್ಕನ ಕಡೆ ನೋಡಿದರು. ಇಬ್ಬರೂ ಎದ್ದು ಹೊರಗೆ ಹೋದರು. ಎರಡನೇ ಚರಣ ಅವರ ಜೊತೆಯೇ ಹೊರಟುಹೋಯಿತು.

ಅಂದಿನಿಂದ ಭಾನುವಾರ ಬಂತೆಂದರೆ ನಾವು ಶಾಲೆಯಲ್ಲಿ ಕನ್ನಡದಲ್ಲಿ ಹಾಡುತ್ತಿದ್ದೆವು, ಅದೇ ಹೊತ್ತಿಗೆ ಭಾವನವರು ತಮ್ಮ ಜಗಲಿಯ ಮೇಲೆ ಹೆಂಡತಿಯೊಬ್ಬಳನ್ನೇ ಸಭೆ ಮಾಡಿಕೊಂಡು ತೆಲುಗಿನಲ್ಲಿ ಹಾಡುತ್ತಿದ್ದರು. ದೇವರಿಗೆ ಎರಡು ಕಿವಿ ಇರುವುದು ಒಳ್ಳೆಯದಾಯಿತು ಎಂದು ಪಕ್ಕದ ಮನೆಯ ಬೂಬಮ್ಮ ನಗುತ್ತಿದ್ದಳು. ಅವಳ ಗಂಡ ಹತ್ತಿ ಎಕ್ಕಿ ಹಾಸಿಗೆ ತುಂಬುವ ಪಿಂಜಾರ. ಎದುರು ಮನೆಯ ಕೆಂಡ ನನಗೆ ನಿಂತುಹೋದ ಮೇಲೆ ನಾನು ಓಡಿನ ಚೂರು ಹಿಡಿದು ಹೋಗುತ್ತಿದ್ದುದು ಅವಳ ಮನೆಗೆ. ಕೆಂಡ ಕೊಡುವಾಗ ಅವಳು ಒಂದು ದಿನವೂ ಏಕೆಂದು ಕೇಳಲಿಲ್ಲ. ಇಡೀ ಓಣಿಗೇ ಗೊತ್ತಿರುವುದನ್ನು ಕೇಳುವುದೇನಿತ್ತು.

ಅಕ್ಕ ರಾಗಿ ಬೀಸಲು ಮೂರು ಓಣಿ ಆಚೆ ಯಾರದೋ ಮನೆಗೆ ಹೋಗತೊಡಗಿದಳು. ಮೊರವನ್ನು ಸೊಂಟಕ್ಕೆ ಇಟ್ಟುಕೊಂಡು ನಮ್ಮ ಬಾಗಿಲ ಮುಂದೆಯೇ ಹಾದುಹೋಗುತ್ತಿದ್ದಳು. ಕಣ್ಣೆತ್ತಿ ನೋಡುತ್ತಿರಲಿಲ್ಲ. ನಮ್ಮ ಹೊಸ್ತಿಲು ದಾಟಬಾರದು, ನಮ್ಮೊಡನೆ ಮಾತಾಡಬಾರದು ಎಂದು ಭಾವನವರು ಅವಳಿಂದ ಆಣೆ ಮಾಡಿಸಿಕೊಂಡಿದ್ದರೆಂದು ಆಮೇಲೆ ತಿಳಿಯಿತು. ಆಣೆ ಇಡಬಾರದೆಂದು ದೇವರ ವಾಕ್ಯದಲ್ಲಿ, ಬೈಬಲ್ಲಿನಲ್ಲೇ, ಇದೆ. ಸಿಟ್ಟು ಬಂದಾಗ ವಾಕ್ಯ ಯಾರಿಗೆ ನೆನಪಾಗುತ್ತದೆ?

ನಾನು ಸುಮ್ಮನೆ ಕೂತವಳಲ್ಲ. ಒಂದು ದಿನ ಗಂಡ ಶಾಲೆಗೆ ಹೋದ ಮೇಲೆ ಶ್ರೀನಿವಾಸಪುರದಿಂದ ಬಂದಿದ್ದ ಮಾವಿನಹಣ್ಣನ್ನು ಸೆರಗಿನಲ್ಲಿ ಕಟ್ಟಿಕೊಂಡು ಓಣಿ ದಾಟಿದೆ. ಅಕ್ಕ ಒಳಗೆ ಸರಿದಳು. ಭಾವನವರು ಮಿಷಿನ್ ನಿಲ್ಲಿಸದೆಯೇ, ಸಿಪಾಯಿಗಳ ಖಾಕಿ ಚಡ್ಡಿಯ ಮೇಲೆ ಕಣ್ಣಿಟ್ಟುಕೊಂಡೇ ಹೇಳಿದರು: "ನಿನ್ ಮೇಲೆ ನಂಗೇನೂ ಇಲ್ಲಮ್ಮ. ಹಾಡು ನಿಲ್ಲಿಸಿದೋನು ಬರ್ಲಿ." ಹಣ್ಣನ್ನು ಜಗಲಿಯ ಮೇಲಿಟ್ಟು ಬಂದೆ. ಸಂಜೆಗೆ ಅದು ನಮ್ಮ ಜಗಲಿಯ ಮೇಲಿತ್ತು. ಮನೆಯವರಿಗೆ ಹೇಳಿದರೆ, ನಾನೇನು ಇಲ್ಲದ್ದನ್ನು ಹೇಳಿದೆನೇ, ಓದಲು ಬರುವುದಿಲ್ಲ ಎಂದರೆ ಬರುವುದಿಲ್ಲ ತಾನೇ ಎಂದು ವಾದಕ್ಕೆ ನಿಂತರು. ಅವರ ವಾದ ಯಾವಾಗಲೂ ಸರಿಯಾಗಿಯೇ ಇರುತ್ತಿತ್ತು. ಅದನ್ನು ಕಟ್ಟಿಕೊಂಡು ನಾನೇನು ಮಾಡಲಿ? ಆ ಹಣ್ಣನ್ನು ಬೂಬಮ್ಮನಿಗೆ ಕೊಟ್ಟೆ.

ನಮ್ಮ ಸಭೆಯಲ್ಲಿ ಒಂದು ಕಟ್ಟುನಿಟ್ಟಿತ್ತು. ಅಯ್ಯನವರು ಕೆಲವು ತಿಂಗಳಿಗೊಮ್ಮೆ ಬಂದು ಪ್ರಭುಭೋಜನ ಕೊಡುವಾಗ, ರೊಟ್ಟಿ ಮುರಿಯುವ ಮುಂಚೆ, ಯಾರ ಮೇಲಾದರೂ ಮನಸ್ಸಿನಲ್ಲಿ ಕಹಿ ಇಟ್ಟುಕೊಂಡವರು ಹಿಂದೆ ನಿಲ್ಲಿ ಎನ್ನುತ್ತಿದ್ದರು. ಬೇರೆ ಊರುಗಳಲ್ಲಿ ಇದು ಬರೀ ಮಾತಂತೆ. ನಮ್ಮ ಅಯ್ಯನವರು ಹಾಗೆ ಬಿಡುವವರಲ್ಲ. ಆರಾಧನೆ ನಡೆಸುವ ಮೇಷ್ಟ್ರಿಗೇ, "ಓಣಿ ದಾಟಿ ಬನ್ನಿ, ಆಮೇಲೆ ಕೊಡ್ತೀನಿ" ಎಂದು ಎಲ್ಲರೆದುರು ಹೇಳಿಬಿಟ್ಟರು. ಗಂಡ ಹಿಂದೆ ನಿಂತರೆ ನಾನು ಮುಂದೆ ಹೋಗಲಾದೀತೇ? ನಾನೂ ನಿಂತೆ. ಎದುರು ಮನೆಯವರಂತೂ ಬರುತ್ತಲೇ ಇರಲಿಲ್ಲ. ಒಂದು ತುಂಡು ರೊಟ್ಟಿ, ಒಂದು ಗುಟುಕು ದ್ರಾಕ್ಷಾರಸ. ಹಾಸ್ಟೆಲಿನಲ್ಲಿ ಅದನ್ನು ತೆಗೆದುಕೊಳ್ಳುವಾಗ ಪಕ್ಕದವಳ ಜಡೆಯನ್ನು ಎಣಿಸುತ್ತಿದ್ದೆ. ಈಗ ಸಿಗದಾಗ ಅದರ ಹಸಿವಾಗತೊಡಗಿತು.

ಒಮ್ಮೆ ಅಯ್ಯನವರನ್ನು ಬಸ್ಸಿಗೆ ಕಳಿಸಲು ಹೋದಾಗ ಕೇಳಿಯೇಬಿಟ್ಟೆ. ನಾನು ಹೋಗಿ ಬಂದೆ, ಅವರು ಒಪ್ಪಲಿಲ್ಲ. ಇವರು ಹೋಗುವುದಿಲ್ಲ. ಪ್ರಾರ್ಥನೆ ಮಾಡಿ ಮಾಡಿ ಮೊಣಕಾಲು ಸವೆಯಿತು. ದೇವರು ಯಾವುದಕ್ಕೆ ಕಾಯುತ್ತಿದ್ದಾನೆ? ಅಯ್ಯನವರು ಬಸ್ಸಿನ ಇದ್ದಿಲ ಉರಿ ಹತ್ತುವುದನ್ನೇ ನೋಡುತ್ತಿದ್ದರು.

"ಗೊತ್ತಿಲ್ಲಮ್ಮ" ಎಂದರು. "ಆತನ ಹೊತ್ತಿಗೆ ಆಗುತ್ತೆ ಅಂತ ನಂಬಿದೀನಿ, ಅಷ್ಟೇ. ಅಲ್ಲೀವರ್ಗೂ ನೀನು ಏನು ಮಾಡ್ತಿದೀಯೋ ಅದನ್ನ ಬಿಡಬೇಡ."

ನನಗೆ ಮೈಯೆಲ್ಲ ಉರಿಯಿತು. ನಾನು ಮಾಡುತ್ತಿದ್ದುದು ರಾಗಿ ಬೀಸುವುದು. ಅದನ್ನು ಬಿಡಬೇಡ ಎಂದು ಹೇಳಲು ಕೋಲಾರದಿಂದ ಬರಬೇಕಿತ್ತೇ?

ಆದರೂ ಬೀಸುತ್ತಿದ್ದೆ, ಮತ್ತು ಹಾಡುತ್ತಿದ್ದೆ. ಗಂಡ ಶಾಲೆಗೆ ಹೋದ ಮೇಲೆ ಕಲ್ಲಿನ ಮುಂದೆ ಕೂತು, ಬಾಗಿಲು ತೆರೆದಿಟ್ಟು, ಓಣಿಗೆ ಕೇಳುವಂತೆ ಭಾವನವರ ಆ ಹಾಡನ್ನೇ ಹಾಡುತ್ತಿದ್ದೆ. ನನ್ನ ಲೆಕ್ಕ ಸರಳವಾಗಿತ್ತು: ಅವರ ಹಾಡನ್ನು ನಾನು ಮರೆತಿಲ್ಲ, ಮರ್ಯಾದೆಯಿಂದ ಇಟ್ಟುಕೊಂಡಿದ್ದೇನೆ ಎಂದು ಅವರಿಗೆ ತಿಳಿಯಲಿ. ಮಾತಾಡಬಾರದೆಂದು ಆಣೆ ಇದೆ, ಹಾಡಬಾರದೆಂದು ಇಲ್ಲವಲ್ಲ. ಸ್ವಾಮಿ, ಯಾವ ಹೊತ್ತಿಗೆ ಬರುತ್ತೀ ಎಂಬಲ್ಲಿಗೆ ನನಗೆ ಗೊತ್ತಿದ್ದದ್ದು ಮುಗಿಯುತ್ತಿತ್ತು. ನಿಲ್ಲಿಸುತ್ತಿದ್ದೆ. ನಿಲ್ಲಿಸಿ ಕಿವಿಗೊಡುತ್ತಿದ್ದೆ. ಎದುರಿಂದ ಹೊಲಿಗೆ ಮಿಷಿನ್ನಿನ ಸದ್ದು ಮಾತ್ರ. ಕೆಲವು ಸಲ ನಾನು ನಿಲ್ಲಿಸಿದ ಕೂಡಲೇ ಆ ಮಿಷಿನ್ ಜೋರಾಗಿ ತುಳಿದಂತೆ ಕೇಳುತ್ತಿತ್ತು. ಅವರಿಗೂ ಒಳಗೊಳಗೇ ಏನೋ ಆಗುತ್ತಿದೆ ಎಂದು ನಾನು ಸಂತೋಷಪಡುತ್ತಿದ್ದೆ. ಆಗುತ್ತಲೇ ಇತ್ತು, ನಾನು ತಿಳಿದ ಹಾಗಲ್ಲ ಅಷ್ಟೇ.

ಆ ನಡುವೆ ನಾನು ಬಸುರಿಯಾದೆ. ತಾಯಿಯಿಲ್ಲದವಳಿಗೆ ಹೆರಿಗೆ ಎಂದರೆ ಏನೆಂದು ತಾಯಿಯಿದ್ದವರಿಗೆ ಹೇಳಿ ತಿಳಿಸಲಾರೆ. ಒಳ್ಳೆಯ ದಿನಗಳಲ್ಲಿ ಅಕ್ಕ ಮಾತು ಕೊಟ್ಟಿದ್ದಳು, ನಿನ್ನ ಬಾಣಂತನ ನನ್ನದು ಎಂದು. ಅವಳಿಗೆ ಮಕ್ಕಳಿರಲಿಲ್ಲ. ಈಗ ಬಂದೇ ಬರುತ್ತಾಳೆ, ಇದೇ ದೇವರ ಹೊತ್ತು ಎಂದುಕೊಂಡೆ. ನೋವು ಶುರುವಾದಾಗ ಬಾಗಿಲಿನ ಕಡೆಗೇ ಮುಖ ಮಾಡಿ ಮಲಗಿದೆ. ಬಂದವಳು ಬೂಬಮ್ಮ. ನನ್ನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಅವಳ ಮಾತಿನಲ್ಲಿ ಅವಳು ದೇವರನ್ನು ಕರೆದಳು, ನನ್ನ ಮಾತಿನಲ್ಲಿ ನಾನು ಕರೆದೆ. ಹೆಣ್ಣುಮಗು ಹುಟ್ಟಿತು.

ಮಗು ಸಣ್ಣದು, ಅಳು ದೊಡ್ಡದು. ಮಲಗಿಸಲು ನನಗೆ ಬೇರೆ ಜೋಗುಳ ಗೊತ್ತಿರಲಿಲ್ಲ. ಹಾಸ್ಟೆಲಿನಲ್ಲಿ ಜೋಗುಳ ಕಲಿಸುವುದಿಲ್ಲ. ಕಲ್ಲಿನ ಮುಂದಿನ ಆ ಹಾಡನ್ನೇ ಒಳಮನೆಯಲ್ಲಿ ಮೆಲ್ಲಗೆ ಹಾಡುತ್ತಿದ್ದೆ. ಒಂದು ಚರಣಕ್ಕೆ ಅವಳು ಮಲಗುವವಳಲ್ಲ. ಮಾತು ಮುಗಿದಲ್ಲಿಂದ ಮುಂದಕ್ಕೆ ಬರೀ ಊಂ ಊಂ ಎಂದು ರಾಗವನ್ನೇ ಎಳೆಯುತ್ತಿದ್ದೆ. ಎರಡನೇ ಚರಣದ ಜಾಗದಲ್ಲಿ ಕಣ್ಣು ಮುಚ್ಚುತ್ತಿದ್ದಳು. ಕೆಲವೇ ವಾರ ಹೀಗೆ ನಡೆಯಿತು. ಆಮೇಲೆ ಜ್ವರ ಬಂತು, ಅದು ಇಳಿಯಲಿಲ್ಲ. ಕೋಲಾರದ ಆಸ್ಪತ್ರೆಗೆ ಬಸ್ಸು ಹಿಡಿಯಬೇಕೆಂದು ಬಟ್ಟೆ ಕಟ್ಟುತ್ತಿದ್ದಾಗ ನನ್ನ ಕೈಯಲ್ಲೇ ಹೋಯಿತು.

ಮಗುವನ್ನು ಹೊರಗೆ ತಂದಾಗ ಅಕ್ಕ ತನ್ನ ಬಾಗಿಲಲ್ಲಿ ಸೆರಗನ್ನು ಬಾಯಿಗೆ ಒತ್ತಿಕೊಂಡು ನಿಂತಿದ್ದಳು. ಒಂದು ಕಾಲನ್ನು ಓಣಿಗೆ ಇಟ್ಟೇಬಿಟ್ಟಿದ್ದಳು, ನಾನು ಕಣ್ಣಾರೆ ನೋಡಿದೆ. ನಮ್ಮ ಮನೆಯವರು ದುಃಖದಲ್ಲಿ ಕುರುಡರಾಗಿದ್ದರು. "ಹುಟ್ಟಿದಾಗ ಬರದೇ ಇದ್ದೋರು ಹೋಗುವಾಗ ಬರೋದು ಬೇಡ" ಎಂದರು. ಆ ಕಾಲು ಹಿಂದಕ್ಕೆ ಹೋಯಿತು. ಸ್ಮಶಾನದಲ್ಲಿ ಕತ್ತಾಳೆ ಬೇಲಿಯ ಆಚೆ ಭಾವನವರು ರುಮಾಲು ತೆಗೆದು ಕೈಯಲ್ಲಿ ಹಿಡಿದು ನಿಂತಿದ್ದುದು ಕಾಣಿಸಿತು. ಈಗ, ದೇವರೇ, ಈಗ ಎಂದೆ. ಇದಕ್ಕಿಂತ ದೊಡ್ಡ ಹೊತ್ತು ಇನ್ನು ಯಾವುದನ್ನು ಕೊಡಲಿ ನಿನಗೆ? ಮಣ್ಣು ಮುಚ್ಚಿ ಆಯಿತು. ತಿರುಗಿ ನೋಡಿದರೆ ಬೇಲಿಯ ಆಚೆ ಯಾರೂ ಇರಲಿಲ್ಲ.

ಅಲ್ಲಿಂದ ಮುಂದೆ ನಾನು ದೇವರ ಜೊತೆ ಮಾತು ಬಿಟ್ಟೆ. ಓಣಿಯಲ್ಲಿ ಎಲ್ಲರೂ ಯಾರೋ ಒಬ್ಬರ ಜೊತೆ ಮಾತು ಬಿಟ್ಟಿದ್ದರು, ನಾನೇಕೆ ಹಿಂದೆ ಬೀಳಲಿ? ಊಟದ ಮುಂಚೆ ಗಂಡ ಪ್ರಾರ್ಥನೆ ಮಾಡಿದರೆ ಕಣ್ಣು ತೆರೆದುಕೊಂಡೇ ಕೂತಿರುತ್ತಿದ್ದೆ. ರಾಗಿಯನ್ನು ಬಾಯಿ ಮುಚ್ಚಿಕೊಂಡು ಬೀಸುತ್ತಿದ್ದೆ. ಕಲ್ಲಿನ ಗರಗರ ಸದ್ದು ಬಿಟ್ಟು ಮನೆಯಲ್ಲಿ ಬೇರೆ ಸದ್ದಿಲ್ಲ. ಗಂಡ ಪಾಪ, ನನ್ನನ್ನು ಹೇಗೆ ಮಾತಾಡಿಸಬೇಕೆಂದು ತಿಳಿಯದೆ ಶಾಲೆಯಿಂದ ತಡವಾಗಿ ಬರತೊಡಗಿದರು. ಮಳೆಗಾಲ ಹೋಯಿತು, ಅವರೆಕಾಯಿ ಬಂತು, ಹೋಯಿತು. ಹಾಸ್ಟೆಲಿನಲ್ಲಿ ಸಾಲಾಗಿ ಮಲಗಿದ್ದಾಗಲೂ ಬಾರದ ಒಂದು ಒಂಟಿತನ ಆ ಮನೆಯಲ್ಲಿ ಬಂತು. ಅದಕ್ಕೆ ಮದ್ದಿಲ್ಲ ಎಂದೇ ತಿಳಿದಿದ್ದೆ.

ಮತ್ತೆ ಹಾಡಿದ ದಿನ ಯಾವ ವಿಶೇಷವೂ ಇರಲಿಲ್ಲ. ಅದೇ ನನಗೆ ಈಗಲೂ ಸೋಜಿಗ. ಹಬ್ಬವಲ್ಲ, ಭಾನುವಾರವಲ್ಲ. ಹೊರಗೆ ಕುರುಡುಮಲೆಯ ಕಡೆ ಹೋಗುವ ಯಾರದೋ ಗಾಡಿಯ ಅಚ್ಚು ಕಿರುಗುಟ್ಟಿತು, ಬೂಬಮ್ಮನ ಮನೆಯಲ್ಲಿ ಹತ್ತಿ ಎಕ್ಕುವ ಟಂಯ್ ಟಂಯ್ ಸದ್ದು ಬರುತ್ತಿತ್ತು. ನಾನು ಬೀಸುತ್ತಿದ್ದೆ. ಬಾಯಿಗೆ ತಾನಾಗಿ ಆ ಹಾಡು ಬಂತು. ಬಂದದ್ದು ನನಗೇ ತಿಳಿಯಲಿಲ್ಲ. ಮುದ್ದೆ ಆರುತ್ತಿದೆ, ಎಣ್ಣೆ ಇಳಿಯುತ್ತಿದೆ, ಸ್ವಾಮಿ, ಯಾವ ಹೊತ್ತಿಗೆ ಬರುತ್ತೀ? ಹಿಂದಿನ ದಿನಗಳಲ್ಲಾದರೆ ಅಲ್ಲಿಗೆ ನಿಲ್ಲಿಸುತ್ತಿದ್ದೆ. ಆದರೆ ಮಗುವಿನಿಂದ ಅಂಟಿದ ಅಭ್ಯಾಸ, ನಿಲ್ಲಿಸಿದರೆ ಅವಳು ಎದ್ದುಬಿಡುತ್ತಾಳೆಂಬಂತೆ, ಊಂ ಊಂ ಎಂದು ಮುಂದಕ್ಕೆ ರಾಗ ಎಳೆದೆ. ಮಾತಿಲ್ಲದ ರಾಗ. ಎಲ್ಲಿ ಏರಬೇಕೋ, ಎಲ್ಲಿ ಇಳಿಯಬೇಕೋ ತಡಕಾಡುತ್ತ, ತಪ್ಪುತ್ತ ಎಳೆಯುತ್ತಿದ್ದೆ. ಕಣ್ಣಿನಲ್ಲಿ ನೀರು ಬರುತ್ತಿತ್ತು.

ಎದುರು ಮನೆಯ ಮಿಷಿನ್ ನಿಂತಿತು.

ಆಮೇಲೆ ಭಾವನವರ ದನಿ ಬಂತು. ಜೋರಾಗಿ ಅಲ್ಲ, ಮಕ್ಕಳಿಗೆ ಪಾಠ ಹೇಳಿಕೊಡುವವರ ಹಾಗೆ, ಒಂದೊಂದೇ ಮಾತು ಬಿಡಿಸಿ. ನಾನು ತಡಕಾಡುತ್ತಿದ್ದ ಜಾಗದಲ್ಲೇ ಮಾತನ್ನು ಇಡುತ್ತ ಹೋದರು. ಎರಡನೇ ಚರಣವನ್ನು ನಾನು ಮೊದಲ ಸಲ ಕೇಳಿದ್ದು ಹಾಗೆ. ಸ್ವಾಮಿ ಹೇಳುತ್ತಾನೆ: ನೀನು ಒಲೆ ಹಚ್ಚುವ ಮುಂಚೆಯೇ ಬಂದೆನಮ್ಮಾ. ನಿನ್ನ ಜಗಲಿಯ ಮೇಲೆ ಕತ್ತಲಲ್ಲಿ ಕೂತಿದ್ದೇನೆ. ನೀನು ಒಳಗಿನಿಂದ ಕರೆಯುತ್ತಿದ್ದೀ, ನಾನು ಹೊರಗಿನಿಂದ ಓ ಎನ್ನುತ್ತಿದ್ದೇನೆ.

ನನ್ನ ಕೈ ಕಲ್ಲಿನ ಗೂಟದ ಮೇಲೆಯೇ ನಿಂತಿತ್ತು. ಬಾಗಿಲಲ್ಲಿ ನೆರಳಾಯಿತು. ಅಕ್ಕ, ಸೊಂಟದ ಮೇಲೆ ಮೊರ, ಮೊರದಲ್ಲಿ ರಾಗಿ. ಹಳೆಯ ಜಾಗದಲ್ಲಿ ಕೂತು ಕಾಲು ಚಾಚಿದಳು. ನನ್ನ ಕೈಯ ಮೇಲೆಯೇ ಕೈಯಿಟ್ಟು ಗೂಟ ತಿರುಗಿಸತೊಡಗಿದಳು. ಅರ್ಧ ನಮ್ಮ ರಾಗಿ, ಅರ್ಧ ಅವರದು, ಕಲ್ಲಿನಿಂದ ಒಂದೇ ಹಿಟ್ಟಾಗಿ ಸುರಿಯಿತು. ಹಾಗೆಯೇ ಬಹಳ ಹೊತ್ತು ಅತ್ತೆವು. ಹಿಟ್ಟಿಗೆ ಉಪ್ಪು ಬೇಡವೆನ್ನುವಷ್ಟು ಅತ್ತೆವು.

ಕೊನೆಗೆ ಅಕ್ಕ ಹೇಳಿದಳು. ನಾನು ದಿನವೂ ಆ ಹಾಡನ್ನು ಹಾಡಿ, ತಮ್ಮ ಎಲ್ಲಿ ನಿಲ್ಲಿಸಿದ್ದನೋ ಸರಿಯಾಗಿ ಅಲ್ಲಿಗೇ ನಿಲ್ಲಿಸುತ್ತಿದ್ದುದನ್ನು ಭಾವನವರು ಗೇಲಿ ಎಂದು ತಿಳಿದಿದ್ದರಂತೆ. ಗಂಡ ಸಭೆಯಲ್ಲಿ ಅವಮಾನ ಮಾಡಿದ, ಹೆಂಡತಿ ದಿನಾ ಬಾಗಿಲು ತೆರೆದಿಟ್ಟು ಅದನ್ನೇ ನೆನಪಿಸುತ್ತಾಳೆ ಎಂದು ಮಿಷಿನ್ ಜೋರಾಗಿ ತುಳಿಯುತ್ತಿದ್ದರಂತೆ. ಅವಳಿಗೆ ಮುಂದಿನದು ಗೊತ್ತಿಲ್ಲ ಎಂದು ಅಕ್ಕ ಎಷ್ಟು ಹೇಳಿದರೂ, ಭಾನುವಾರ ಜಗಲಿಯ ಮೇಲೆ ಹಾಡಿದ್ದು ಇಡೀ ಓಣಿಗೆ ಕೇಳಿದೆ, ಅವಳಿಗೆ ಕೇಳಿಲ್ಲವೇ ಎಂದು ನಂಬಲಿಲ್ಲ. ನಾನು ಕೈಮುಗಿದು ಕರೆಯುತ್ತಿದ್ದೇನೆಂದು ತಿಳಿದಿದ್ದದ್ದು ಅವರ ಕಿವಿಗೆ ಚಿವುಟಿದ ಹಾಗೆ ಬೀಳುತ್ತಿತ್ತು. ಮಗು ಹೋದ ಮೇಲೆ ಹಾಡು ನಿಂತಾಗ ಅವರಿಗೆ ನಿದ್ದೆ ಹೋಯಿತಂತೆ. ಈವತ್ತಾದರೂ ಹಾಡಿದಳೇ ಎಂದು ಹೆಂಡತಿಯನ್ನು ಕೇಳುತ್ತಿದ್ದರಂತೆ. ಈ ದಿನ ನನ್ನ ತಡಕಾಟ ಕಿವಿಗೆ ಬಿದ್ದು, "ಅಯ್ಯೋ, ಈ ಹುಡುಗೀಗೆ ನಿಜವಾಗ್ಲೂ ಬರಲ್ಲ ಕಣೇ" ಎಂದು ಬಟ್ಟೆಯಿಂದ ಕೈ ತೆಗೆದರಂತೆ.

"ನಿಂಗೆ ಗೊತ್ತಿತ್ತಲ್ಲ ಅಕ್ಕ, ನಂಗೆ ಬರಲ್ಲ ಅಂತ" ಎಂದೆ.

"ಗೊತ್ತಿತ್ತು. ನಂಗೆ ಭಾನುವಾರ ಜಗಲಿ ಮೇಲೆ ಅವ್ರು ಹಾಡಿದ್ದು ಕೇಳಿ ಬಂದಿತ್ತು. ಅದಕ್ಕೇ ನೀನು ನಿಲ್ಲಿಸಿದಾಗೆಲ್ಲ ಆ ಕಡೆ ಒಲೆ ಮುಂದೆ ಕೂತು ನಾನು ಬಾಯೊಳಗೇ ಮುಗಿಸ್ತಿದ್ದೆ. ಒಂದ್ ದಿನಾನೂ ಅರ್ಧಕ್ಕೆ ಬಿಟ್ಟಿಲ್ಲ ಅಮ್ಮಾಯಿ."

ನಾನು ಬಾಗಿಲು ತೆರೆದಿಟ್ಟು ಕಿವಿಗೊಟ್ಟು ಕೂತು, ಯಾರೂ ಇಲ್ಲ, ಯಾರೂ ಇಲ್ಲ ಎಂದುಕೊಂಡ ಅಷ್ಟೂ ದಿನ ಓಣಿಯ ಆಚೆ ಹಾಡು ಮುಗಿಯುತ್ತಲೇ ಇತ್ತು. ದೇವರ ಜೊತೆ ಬಿಟ್ಟಿದ್ದ ಮಾತನ್ನು ಆ ದಿನ ಮತ್ತೆ ಶುರು ಮಾಡಿದೆ. ಮೊದಲು ಚೆನ್ನಾಗಿ ಬೈದೆ, ಆಮೇಲೆ ಶುರು ಮಾಡಿದೆ.

ಇದಕ್ಕಾಗಿಯೇ ಆ ಮಗು ಬಂದು ಹೋಯಿತು ಎಂದು ಆಮೇಲೆ ಕೆಲವರು ನನಗೆ ಸಮಾಧಾನ ಹೇಳಿದರು. ಹಾಗೆ ಹೇಳಿದರೆ ನನಗೆ ಈಗಲೂ ಸಿಟ್ಟು ಬರುತ್ತದೆ. ಎರಡು ಮನೆಯ ಜಗಳ ಬಿಡಿಸಲು ದೇವರು ಒಂದು ಕೂಸನ್ನು ಕೊಲ್ಲುವವನಲ್ಲ. ಮಗು ಮಗುವಾಗಿ ಬಂದಳು, ಜ್ವರ ಬಂದು ಹೋದಳು. ಊಂ ಊಂ ಎನ್ನುವುದನ್ನು ನನ್ನ ಬಾಯಲ್ಲಿ ಬಿಟ್ಟು ಹೋದಳು. ಅದು ಕೆಲಸಕ್ಕೆ ಬರುವ ದಿನ ಬಂದಾಗ ಬಂತು. ಇಷ್ಟೇ ನನಗೆ ತಿಳಿದದ್ದು, ಇದರಾಚೆ ಕೇಳಿದರೆ ಅಯ್ಯನವರ ಹಾಗೆ ಗೊತ್ತಿಲ್ಲ ಎನ್ನುತ್ತೇನೆ.

ಸಂಜೆ ಮನೆಯವರು ಶಾಲೆಯಿಂದ ಬಂದು ಮೊರವನ್ನು ನೋಡಿದರು, ಅಕ್ಕನನ್ನು ನೋಡಿದರು. ಪುಸ್ತಕದಲ್ಲಿ ಇಲ್ಲದ ಸಂದರ್ಭ. ಕೈಕಾಲು ತೊಳೆದು ಮತ್ತೆ ಶಾಲೆಗೆ ಹೋದರು. ಹಾರ್ಮೋನಿಯಮ್ಮನ್ನು ಹೊತ್ತು ತಂದು ಎದುರು ಜಗಲಿಯ ಮೇಲಿಟ್ಟರು. ತಿದಿ ಹರಿದಿದೆ, ಹೊಲಿಯಬೇಕು ಅಣ್ಣ, ಎಂದರು. ತಿದಿ ನಿಜವಾಗಿಯೂ ಹರಿದಿತ್ತು, ಆದರೆ ಹರಿದು ವರ್ಷವಾಗಿತ್ತು. ಭಾವನವರು ಅದನ್ನು ತಿರುಗಿಸಿ ಮುರುಗಿಸಿ ನೋಡಿ, ಒಳಗೆ ಇಲಿ ಸೇರಿದೆ ಎಂದರು. ಅಣ್ಣತಮ್ಮಂದಿರ ರಾಜಿ ಪಂಚಾಯಿತಿ ಅಷ್ಟರಲ್ಲೇ ಮುಗಿಯಿತು. ಮುಂದಿನ ಸಲ ಅಯ್ಯನವರು ಬಂದಾಗ ನಾವು ನಾಲ್ವರೂ ಮುಂದೆ ಹೋಗಿ ನಿಂತೆವು. ಈ ಸಲ ನಾನು ಯಾರ ಜಡೆಯನ್ನೂ ಎಣಿಸಲಿಲ್ಲ.

ಅವರು ಮೂವರೂ ಈಗಿಲ್ಲ. ಅಕ್ಕ ಎಲ್ಲರಿಗಿಂತ ಕೊನೆಗೆ ಹೋದಳು. ರಾಗಿ ಬೀಸಲು ಗಿರಣಿ ಬಂತು. ಕಲ್ಲು ಬಾಗಿಲ ಪಕ್ಕದಲ್ಲೇ ಬಿದ್ದಿದೆ, ಅದರ ಗೂಟ ಸಡಿಲವಾಗಿದೆ. ಕೆಲವು ದಿನ ಸುಮ್ಮನೆ ಅದರ ಮುಂದೆ ಕೂತು ಹಾಡುತ್ತೇನೆ. ಯಾವ ಹೊತ್ತಿಗೆ ಬರುತ್ತೀ ಎಂಬಲ್ಲಿಗೆ ನಿಲ್ಲಿಸುತ್ತೇನೆ. ಎರಡನೇ ಚರಣ ಈಗ ನನಗೆ ಪೂರಾ ಬರುತ್ತದೆ. ಆದರೂ ಹಾಡುವುದಿಲ್ಲ. ಅದು ಆ ಕಡೆ ಕೂತವರು ಹಾಡಬೇಕಾದದ್ದು.